ಒಟ್ಟಾವದಲ್ಲೊಂದು ಬೇಸಿಗೆ, ‘ಅಣ್ಣತಮ್ಮಂದಿರ’ ಮನೆಯಲ್ಲಿ

2025ರ ಫೆಬ್ರುವರಿ ಮಧ್ಯಭಾಗ. ಟೊರಾಂಟೊ ಸುತ್ತಮುತ್ತ ಒಂದೇ ವಾರದಲ್ಲಿ ಎರಡು ಸಲ ಭಾರೀ ಹಿಮ ಸುರಿದು, ಥಾರ್ನ್‌ಹಿಲ್‌ನ ನಮ್ಮ ಮನೆಯೆದುರಿನ ದಾರಿಯ ಎರಡೂ ಬದಿಗೆ ಗೋಡೆ ಎದ್ದ ಹಾಗಾಗಿತ್ತು. ಟೊರಾಂಟೊ ನಗರದೊಳಗೆ ಓದುತ್ತಿರುವ ಮಗ ವಾರಾಂತ್ಯಕ್ಕೆ ಮನೆಗೆ ಬಂದಿದ್ದ. ಬಿಸಿ ಸಾರು ಅನ್ನ ಕಲಸಿಕೊಳ್ಳುತ್ತಾ ಎರಡು ಮಾತು ಹೇಳಿದ. ‘ಬೇಸಿಗೆಗೆ ಒಟ್ಟಾವದಲ್ಲಿ ಸರ್ಕಾರಿ ಇಲಾಖೆಯೊಂದರಲ್ಲಿ ಕೆಲಸ ಸಿಗುವ ಹಾಗಿದೆ. ಉಳಿಯೋಕೆ ಫ್ರಾಟರ್ನಿಟಿ ಮನೇಲಿ ರೂಮು ಇದೆ.’

ಮೊದಲ ಮಾತಿಗೆ ನಮಗೆ ಹಿಗ್ಗಾಯಿತು. ಎರಡನೆಯದಕ್ಕೆ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹಿಂದಿನ ಸೆಪ್ಟೆಂಬರ್‌ನಲ್ಲೇ ಅವನು ವಿದ್ಯಾರ್ಥಿಗಳ ಅಂಥದೊಂದು ಸಂಘಕ್ಕೆ ಸೇರಿದ್ದನಂತೆ. ಐದು ತಿಂಗಳು ನಮಗೆ ಹೇಳಿರಲಿಲ್ಲ. ‘ಹೇಳಿದ್ರೆ ನೀವು ಬೇಡ ಅಂತಿದ್ರಿ’ ಎಂದ. ಅದು ನಿಜವೇ ಆಗಿತ್ತು.

ಫ್ರಾಟರ್ನಿಟಿ ಎಂದರೆ ನಮ್ಮಂಥವರಿಗೆ ಹಾಲಿವುಡ್ ಸಿನಿಮಾದಲ್ಲಿ ಕಂಡ ಕುಡಿತ, ಕೂಗಾಟ. ಜತೆಗೆ ಪತ್ರಿಕೆಯಲ್ಲಿ ಓದಿದ್ದ ಸುದ್ದಿಗಳು. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೊಸದಾಗಿ ಸಂಘ ಸೇರುತ್ತಿದ್ದ 19 ವರ್ಷದ ಹುಡುಗನೊಬ್ಬ ಅತಿಯಾಗಿ ಕುಡಿಸಿದ್ದರಿಂದ ಮೆಟ್ಟಿಲಿಂದ ಬಿದ್ದಿದ್ದ. ಸುತ್ತಲಿದ್ದ ‘ಸಹೋದರರು’ ಸುಮಾರು 12 ಗಂಟೆ ಆಂಬುಲೆನ್ಸ್ ಕರೆದಿರಲಿಲ್ಲ. ಅವನು ಉಳಿಯಲಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ಮಗನಿಗೆ ಹನ್ನೊಂದು ವರ್ಷ. ‘ನಮ್ಮವನು ಅಂಥ ಕಡೆ ಹೋಗೋದಿಲ್ಲ ಬಿಡು’ ಎಂದು ಮಾತಾಡಿಕೊಂಡಿದ್ದು ಇನ್ನೂ ನೆನಪಿದೆ.

ಆ ರಾತ್ರಿ ಇಬ್ಬರಿಗೂ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಅವನನ್ನು ಕೂರಿಸಿಕೊಂಡು ಕೇಳಿದೆವು, ‘ಏನಪ್ಪಾ ಇದು, ನಮಗೂ ಅರ್ಥವಾಗೋ ಹಾಗೆ ಹೇಳು.’

ಅವನು ಹೇಳಿದ್ದು, ಆಮೇಲೆ ನಾವೇ ಓದಿ ತಿಳಿದದ್ದು ಇಷ್ಟು. ಲ್ಯಾಟಿನ್ ಭಾಷೆಯಲ್ಲಿ ‘ಫ್ರಾಟರ್’ ಎಂದರೆ ಸಹೋದರ. ನಮ್ಮ ‘ಭ್ರಾತೃ’ ಶಬ್ದಕ್ಕೆ ಅದು ದೂರದ ದಾಯಾದಿ. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳು 1776ರಿಂದಲೇ ಇವೆ. ಕೆನಡಾಕ್ಕೆ ಅದು ಕಾಲಿಟ್ಟದ್ದು 1879ರಲ್ಲಿ, ಅದೂ ಟೊರಾಂಟೊದಲ್ಲೇ. ಸದಸ್ಯರು ಶುಲ್ಕ ಕಟ್ಟುತ್ತಾರೆ, ಒಂದು ಮನೆ ಇಟ್ಟುಕೊಳ್ಳುತ್ತಾರೆ. ಓದು ಮುಗಿಸಿ ಹೋದ ಹಳೆಯ ಸದಸ್ಯರು ಊರೂರಲ್ಲಿ ಇರುತ್ತಾರೆ. ಹೊಸಬರು ಎಲ್ಲಿಗೆ ಹೋದರೂ ಅವರಲ್ಲೊಬ್ಬರು ಸಿಗುತ್ತಾರೆ. ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಊರಿಗೆ ಹೋದಾಗ ಆ ಮನೆಗಳ ಕೋಣೆಗಳು ಖಾಲಿ. ಬೇರೆ ಊರಿನ ಸದಸ್ಯರಿಗೆ ಅವು ಕಡಿಮೆ ಬಾಡಿಗೆಗೆ ಸಿಗುತ್ತವೆ.

ಕಹಿ ಭಾಗವೂ ಅದರೊಂದಿಗೇ ಇದೆ. ಈ ಸಂಘಗಳು ಬಹುಕಾಲ ಬಿಳಿಯರ ಸೊತ್ತಾಗಿದ್ದವು. ಬಣ್ಣ ನೋಡಿ ಬಾಗಿಲು ಮುಚ್ಚುತ್ತಿದ್ದ ವಿಷಯ ದೊಡ್ಡ ವಿವಾದವಾಗಿ, 1960ರ ಸುಮಾರಿಗೆ ಟೊರಾಂಟೊ ವಿಶ್ವವಿದ್ಯಾಲಯ ಇವುಗಳ ಜತೆ ಅಧಿಕೃತ ಸಂಬಂಧವನ್ನೇ ಕಡಿದುಕೊಂಡಿತು. ಇಂದಿಗೂ ಅವು ವಿಶ್ವವಿದ್ಯಾಲಯದ ಹೊರಗೇ ಇವೆ. 1990ರ ದಶಕದಲ್ಲಿ ಅಮೆರಿಕದಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗರೇ ತಮ್ಮದೇ ಫ್ರಾಟರ್ನಿಟಿಗಳನ್ನು ಕಟ್ಟಿಕೊಂಡರು. ನಮ್ಮ ಮಗ ಸೇರಿದ್ದು ಎಲ್ಲ ಮೂಲದವರೂ ಇರುವ ಹಳೆಯ ಸಂಘಗಳಲ್ಲೊಂದು.

ಇದನ್ನೆಲ್ಲ ಕೇಳುತ್ತಾ ನಮ್ಮಲ್ಲೊಬ್ಬರಿಗೆ ನಗು ಬಂತು. ಕಾರಣ, ತುಮಕೂರು ಕಡೆಯ ಹಳ್ಳಿಯಿಂದ ಹೊರಟು, ಟ್ರಂಕು ಹೊತ್ತು ಬೆಂಗಳೂರಿನ ಬಸ್ ನಿಲ್ದಾಣದಲ್ಲಿಳಿದ ಆ ಹುಡುಗನಿಗೂ ಸಿಕ್ಕಿದ್ದು ಇಂಥದೇ ಒಂದು ಮನೆ. ಅದಕ್ಕೆ ‘ನಮ್ಮೋರ ಹಾಸ್ಟೆಲ್’ ಎನ್ನುತ್ತಿದ್ದರು. ಹಳೆಯ ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ಮೇಲೆ ಒಂದೊಂದು ಜನಾಂಗವೂ ಪೇಟೆಗೆ ಬರುವ ತನ್ನ ಹುಡುಗರಿಗೆ ಸೂರು ಕಟ್ಟಿಕೊಂಡಿತು. ದಲಿತ ಹುಡುಗರಿಗೆ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ ಇತ್ತು. ಕವಿ ಸಿದ್ದಲಿಂಗಯ್ಯ ಓದಿದ್ದು ಅಲ್ಲಿದ್ದುಕೊಂಡೇ. ಅದಕ್ಕೂ ಹಿಂದೆ, ಹಾಸ್ಟೆಲ್ ಇಲ್ಲದ ಕಾಲದಲ್ಲಿ, ಬಡ ಬ್ರಾಹ್ಮಣ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದರು. ಸರ್ಕಾರಿ ನೌಕರಿಯಲ್ಲಿ ಎಲ್ಲ ಜನಾಂಗಕ್ಕೂ ಪಾಲು ಬೇಕೆಂದು 1918ರಲ್ಲಿ ಮಿಲ್ಲರ್ ಸಮಿತಿ ಕೂತಾಗ, ಆ ನೌಕರಿಗೆ ಬೇಕಾದ ಓದು ಮುಗಿಸುವ ಹುಡುಗರು ತಯಾರಾಗುತ್ತಿದ್ದುದು ಇಂಥ ಸೂರುಗಳ ಕೆಳಗೆ.

ರಾಜಧಾನಿಗೆ ಹೋಗುವ ಹುಡುಗನಿಗೆ ಮೊದಲು ಬೇಕಾದ್ದು ಮಲಗಲು ಜಾಗ, ಆಮೇಲೆ ದಾರಿ ತೋರಿಸುವ ಒಬ್ಬ ಅಣ್ಣ. ನಮ್ಮ ಹಾಸ್ಟೆಲ್‌ಗಳು ಇವೆರಡನ್ನೂ ಕೊಟ್ಟವು. ರ‍್ಯಾಗಿಂಗನ್ನೂ ಕೊಟ್ಟವು ಎನ್ನುವುದನ್ನು ಮರೆಯಬಾರದು. ಕರ್ನಾಟಕದ 1983ರ ಶಿಕ್ಷಣ ಕಾಯಿದೆಯಲ್ಲೇ ರ‍್ಯಾಗಿಂಗ್‌ಗೆ ಶಿಕ್ಷೆ ಇದೆ. ಅಂಥ ಕಲಮು ಬರೆಯಬೇಕಾಗಿ ಬಂತು ಎಂದರೆ ಸುಮ್ಮನೆ ಅಲ್ಲ. ಹಾಸ್ಟೆಲಿನ ಮೊದಲ ತಿಂಗಳು ಹಿರಿಯರ ಬಟ್ಟೆ ಒಗೆದದ್ದನ್ನು ಅಪ್ಪ ಮೊದಲ ಬಾರಿಗೆ ಮಗನೆದುರು ಹೇಳಿದ್ದು ಅಂದೇ. ‘ನಿಮ್ಮಲ್ಲಿ ಏನೇನು ಮಾಡಿಸಿದ್ರು?’ ಎಂದು ಕೇಳಿದ. ಮಗ, ‘ಪಾತ್ರೆ ತೊಳೆಸಿದ್ರು, ಹಾಡು ಹೇಳಿಸಿದ್ರು. ಕುಡಿಯೋಕೆ ಬಲವಂತ ಮಾಡಲಿಲ್ಲ. ಮಾಡಿದ್ರೆ ಎದ್ದು ಬರ್ತಿದ್ದೆ’ ಎಂದ. ನಂಬಿದೆವು, ಅರ್ಧ.

ಇನ್ನೊಂದು ಪ್ರಶ್ನೆ ಉಳಿದಿತ್ತು. ‘ಈ ಕೆಲಸ ಹೇಗೆ ಬಂತು? ಶಿಫಾರಸೇನು?’ ಊರಲ್ಲಿ ಶಿಫಾರಸಿನ ಕಾಟ ಕಂಡೇ ದೇಶ ಬಿಟ್ಟವರು ನಾವು. ಮಗನಿಗೆ ಸಿಟ್ಟು ಬಂತು. ಕೆನಡಾದ ಕೇಂದ್ರ ಸರ್ಕಾರ ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುವ ಕಾರ್ಯಕ್ರಮವೊಂದಿದೆ; ಚಿಕ್ಕದಾಗಿ ‘ಎಫ್‌ಸ್ವೆಪ್’ ಎನ್ನುತ್ತಾರೆ. ಪೂರ್ಣಾವಧಿ ಓದುತ್ತಿರುವ ಯಾರಾದರೂ ಅರ್ಜಿ ಹಾಕಬಹುದು. ಅರ್ಜಿಗಳೆಲ್ಲ ಒಂದೇ ಕಣಜಕ್ಕೆ ಬೀಳುತ್ತವೆ. ಯಾವುದೋ ಇಲಾಖೆಗೆ ಇಂಥ ಓದು, ಇಂಥ ಭಾಷೆ ಬಲ್ಲ ಹುಡುಗ ಬೇಕೆಂದಾಗ ಆ ಕಣಜದಿಂದ ಹೆಸರು ಹೋಗುತ್ತದೆ. ಕರೆದರೆ ಸಂದರ್ಶನ, ಆಮೇಲೆ ಬೆರಳಚ್ಚು, ಹಿನ್ನೆಲೆ ಪರಿಶೀಲನೆ. ಅವನು ಬಂದದ್ದು ಅದೇ ಸಾಲಿನಲ್ಲಿ. ‘ಆದ್ರೆ ಅಕ್ಟೋಬರ್‌ನಲ್ಲೇ ಅರ್ಜಿ ಹಾಕು, ರೆಸ್ಯೂಮೆಯಲ್ಲಿ ಇಂಥದ್ದು ಬರಿ, ಪರಿಶೀಲನೆಗೆ ವಾರಗಟ್ಟಲೆ ಹಿಡಿಯುತ್ತೆ, ಕಾಗದ ಈಗಲೇ ಜೋಡಿಸಿಟ್ಟುಕೋ ಅಂತ ಹೇಳಿದ್ದು ನಮ್ಮ ಸಂಘದ ಹಳೆ ಸದಸ್ಯ’ ಎಂದ. ಶಿಫಾರಸು ಅಲ್ಲ ಸರಿ. ಆದರೆ ಇದಕ್ಕೆ ಏನೆನ್ನಬೇಕು ಎಂದು ನಮಗೆ ಆಗ ತೋಚಲಿಲ್ಲ.

ಮೇ ಮೊದಲ ವಾರ ಕಾರಿನ ತುಂಬ ಸಾಮಾನು ತುಂಬಿಕೊಂಡು ಹೊರಟೆವು. ನಮ್ಮ ಮನೆ ಹತ್ತಿರದ ಹೈವೇ 7ನ್ನೇ ಮುಂದುವರಿಸಿದರೆ ಪೀಟರ್‌ಬರೋ, ಪರ್ತ್ ದಾಟಿ ಒಟ್ಟಾವ ಕಡೆ ಹೋಗಬಹುದು. ದಾರಿಯುದ್ದಕ್ಕೂ ಕೆರೆ, ಬಂಡೆ, ಕಾಡು. ಸುಮಾರು ಐದು ಗಂಟೆ ಪ್ರಯಾಣ. ಡಿಕ್ಕಿಯಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಒಂದು ಪುಟ್ಟ ಕುಕ್ಕರ್. ಮನೆ ಇದ್ದದ್ದು ಸ್ಯಾಂಡಿ ಹಿಲ್ ಬಡಾವಣೆಯಲ್ಲಿ. ಇಬ್ಬರು ಪ್ರಧಾನಿಗಳು, ಲೊರಿಯೇ ಮತ್ತು ಮೆಕೆಂಜಿ ಕಿಂಗ್, ಒಬ್ಬರ ನಂತರ ಒಬ್ಬರು ವಾಸವಿದ್ದ ಲೊರಿಯೇ ಹೌಸ್ ಇರುವುದು ಅಲ್ಲೇ. ಈಗ ಆ ಪ್ರದೇಶದ ತುಂಬ ವಿದ್ಯಾರ್ಥಿಗಳು. ಇಟ್ಟಿಗೆಯ ಹಳೆ ಮನೆ, ಜಗಲಿಯಲ್ಲಿ ಹರಿದ ಸೋಫಾ, ಅಡುಗೆಮನೆಯಲ್ಲಿ ವಾರದ ಪಾತ್ರೆ. ಅಮ್ಮ ಒಂದು ಮಾತೂ ಆಡದೆ ಸೊಂಟಕ್ಕೆ ದುಪಟ್ಟಾ ಸಿಕ್ಕಿಸಿ ಸಿಂಕ್ ಮುಂದೆ ನಿಂತಳು. ಹತ್ತು ನಿಮಿಷದಲ್ಲಿ ನಾಲ್ವರು ಹುಡುಗರು ನಾಚಿಕೊಂಡು ಬಂದು ಒರೆಸುವ ಬಟ್ಟೆ ಹಿಡಿದರು.

ಹೊರಡುವಾಗ ಮೂರು ಷರತ್ತು ಹಾಕಿದೆವು. ದಿನಾ ಒಂದು ಮೆಸೇಜ್. ಭಾನುವಾರ ವಿಡಿಯೊ ಕರೆ. ಮತ್ತು, ಯಾರಿಗಾದರೂ ಏನಾದರೂ ಆದರೆ ಯಾರ ಅಪ್ಪಣೆಗೂ ಕಾಯದೆ 911.

ಭಾನುವಾರದ ಕರೆಗಳಲ್ಲಿ ಅವನ ಒಟ್ಟಾವ ನಮ್ಮ ಮನೆಗೆ ಬರತೊಡಗಿತು. ಕೆಲಸ ದೊಡ್ಡದೇನಲ್ಲ. ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವುದು, ಜನ ಬರೆದ ದೂರುಗಳ ಸಾರಾಂಶ ಮಾಡುವುದು. ವಾರಕ್ಕೆ ಮೂರು ದಿನ ಕಚೇರಿ, ಉಳಿದದ್ದು ಮನೆಯಿಂದ. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಸೆಪ್ಟೆಂಬರ್‌ನಿಂದ ಇದ್ದ ನಿಯಮ ಅದು. ‘ಸರ್ಕಾರ ಅಂದ್ರೆ ಪಾರ್ಲಿಮೆಂಟ್ ಅಂದ್ಕೊಂಡಿದ್ದೆ. ಅದು ಕಾಗದ’ ಎಂದ. ಬೆಂಗಳೂರಿನ ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿರುವುದನ್ನು ಹೇಳಿದೆವು. ‘ದೇವರ ಕೆಲಸಕ್ಕೂ ಇಷ್ಟೊಂದು ಫಾರಂ ಇರುತ್ತಾ?’ ಎಂದು ಕೇಳಿದ.

ಸೇರಿದ ನಾಲ್ಕನೇ ವಾರ, ಮೇ 27ರಂದು, ದೊರೆ ಚಾರ್ಲ್ಸ್ ಒಟ್ಟಾವಕ್ಕೆ ಬಂದು ಸಂಸತ್ತಿನಲ್ಲಿ ಸರ್ಕಾರದ ಭಾಷಣ ಓದಿದರು. ದೊರೆಯೋ ರಾಣಿಯೋ ಸ್ವತಃ ಅದನ್ನು ಓದಿದ್ದು 1977ರ ನಂತರ ಅದೇ ಮೊದಲು. ಸಂಸತ್ತಿನ ಮುಖ್ಯ ಕಟ್ಟಡ ವರ್ಷಗಳ ದುರಸ್ತಿಗಾಗಿ ಮುಚ್ಚಿರುವುದರಿಂದ ಸೆನೆಟ್ ನಡೆಯುವುದು ಹಳೆಯ ರೈಲು ನಿಲ್ದಾಣದಲ್ಲಿ, ಲೋಕಸಭೆಯಂಥ ಹೌಸ್ ಆಫ್ ಕಾಮನ್ಸ್ ನಡೆಯುವುದು ಪಕ್ಕದ ವೆಸ್ಟ್ ಬ್ಲಾಕಿನಲ್ಲಿ. ಮಗ ಊಟದ ಬಿಡುವಿನಲ್ಲಿ ಓಡಿಹೋಗಿ ಕುದುರೆ ಸಾರೋಟು ನೋಡಿದನಂತೆ. ನಮಗೆ ಮೈಸೂರು ದಸರೆ ನೆನಪಾಯಿತು.

ಆ ವೆಸ್ಟ್ ಬ್ಲಾಕಿಗೂ ಕನ್ನಡಿಗರಿಗೂ ಒಂದು ನಂಟಿದೆ. 2022ರ ಮೇ ತಿಂಗಳಲ್ಲಿ ಅಂದಿನ ನೇಪಿಯನ್ ಸಂಸದ, ಶಿರಾ ತಾಲ್ಲೂಕಿನ ದ್ವಾರಾಳು ಮೂಲದ ಚಂದ್ರ ಆರ್ಯ ಅವರು ಸದನದಲ್ಲಿ ಕನ್ನಡದಲ್ಲಿ ಮಾತಾಡಿದ್ದು ಅಲ್ಲೇ. ಆ ವಿಡಿಯೊ ಅಂದು ನಮ್ಮ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡಿತ್ತು. ಜೂನ್‌ನಲ್ಲಿ ಮಗ ಪ್ರೇಕ್ಷಕರ ಸಾಲಿನಲ್ಲಿ ಕೂತು ಬಂದ. ‘ಕನ್ನಡ ಮಾತಾಡಿದ ಜಾಗ ಯಾವುದು ಅಂತ ಹುಡುಕಿದೆ’ ಎಂದ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ಬೆಳೆದವನು ಅವನು.

ಅವನನ್ನು ನಿಜಕ್ಕೂ ಅಲುಗಾಡಿಸಿದ್ದು ಫ್ರೆಂಚ್. ಒಂಟಾರಿಯೊ ಶಾಲೆಯಲ್ಲಿ ಒಂಬತ್ತನೇ ತರಗತಿವರೆಗೆ ಕಲಿತು ಕೈಬಿಟ್ಟಿದ್ದ. ಒಟ್ಟಾವ ಕಚೇರಿಯಲ್ಲಿ ಒಂದೇ ಸಭೆಯಲ್ಲಿ ಒಬ್ಬರು ಫ್ರೆಂಚ್‌ನಲ್ಲಿ ಶುರುಮಾಡಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಉತ್ತರಿಸಿ, ಯಾರೂ ಕ್ಷಮೆ ಕೇಳದೆ ಮುಂದೆ ಹೋಗುತ್ತಿದ್ದರು. 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟ ಬಲ ಅದು. ‘ವಿಧಾನಸೌಧದಲ್ಲಿ ಎಲ್ಲ ಕನ್ನಡದಲ್ಲೇ ನಡೆಯುತ್ತಾ?’ ಎಂದು ಕೇಳಿದ. 1963ರ ರಾಜಭಾಷಾ ಕಾಯಿದೆ ಇದೆ, ಕಡತಗಳು ಕನ್ನಡದಲ್ಲಿರಬೇಕೆಂಬ ಆದೇಶಗಳಿವೆ, ಆದರೂ ದೊಡ್ಡ ಅಧಿಕಾರಿಗಳ ಬಾಯಲ್ಲಿ ಇಂಗ್ಲಿಷೇ ಹೆಚ್ಚು ಎಂದೆವು. ‘ಹಾಗಾದ್ರೆ ನಾನು ನಿಮ್ಮ ಹತ್ರ ಇಂಗ್ಲಿಷಿನಲ್ಲಿ ಮಾತಾಡಿದ್ರೆ ಯಾಕೆ ಬೈತೀರಿ?’ ಎಂದ. ಉತ್ತರ ಹೊಳೆಯದೆ ಇಬ್ಬರೂ ನಕ್ಕೆವು.

ಜುಲೈನ ಒಂದು ಶನಿವಾರ ರಾತ್ರಿ ಒಂದೂವರೆಗೆ ಫೋನು ಬಂತು. ಆ ಹೊತ್ತಿನಲ್ಲಿ ಬರುವ ಫೋನು ಎಂದರೆ ಊರಿನದೇ ಎಂದು ಎದೆ ಝಲ್ಲೆಂದಿತು. ಮಗನ ದನಿ. ಮನೆಯಲ್ಲಿ ಪಾರ್ಟಿ ಇತ್ತು. ಅತಿಥಿಯಾಗಿ ಬಂದಿದ್ದ ಹುಡುಗನೊಬ್ಬ ಕುಡಿದು ಎಚ್ಚರ ತಪ್ಪಿದ್ದ. ‘ಮಲಗಿಸಿ, ಬೆಳಿಗ್ಗೆ ಸರಿಹೋಗ್ತಾನೆ, ಆಂಬುಲೆನ್ಸ್ ಬಂದ್ರೆ ಮನೆಗೆ ಕೆಟ್ಟ ಹೆಸರು’ ಎಂದು ಇಬ್ಬರು ಹಿರಿಯರು ಅಂದರಂತೆ. ಇವನು 911ಕ್ಕೆ ಕರೆ ಮಾಡಿ, ಹೇಳಿಕೊಟ್ಟ ಹಾಗೆ ಆ ಹುಡುಗನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದು ಕೂತಿದ್ದ. ಆಂಬುಲೆನ್ಸ್ ಹೋದ ಮೇಲೆ ನಮಗೆ ಫೋನು. ‘ನಾನು ಸರಿ ಮಾಡಿದ್ನಾ?’ ಎಂದಷ್ಟೇ ಕೇಳಿದ. ಸರಿ ಮಾಡಿದೆ ಎಂದೆವು. ಕೈ ನಡುಗುತ್ತಿದ್ದುದರಿಂದ ಫೋನನ್ನು ಮೇಜಿನ ಮೇಲಿಟ್ಟು ಮಾತಾಡಿದೆವು.

ಹುಡುಗ ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ಹೋದ. ಎರಡು ದಿನ ಆ ಹಿರಿಯರು ನಮ್ಮವನ ಜತೆ ಮಾತು ಬಿಟ್ಟರು. ಮೂರನೇ ದಿನ ಒಬ್ಬ ಬಂದು, ‘ನೀನು ಇಲ್ಲದಿದ್ದರೆ ಏನಾಗ್ತಿತ್ತೋ’ ಎಂದನಂತೆ. ಇನ್ನೊಬ್ಬ ಕೊನೆವರೆಗೂ ಮಾತಾಡಲಿಲ್ಲ. ನಾವು ಅಂದೇ ಅವನನ್ನು ವಾಪಸು ಕರೆತರಲು ಹೊರಟಿದ್ದೆವು. ಅವನೇ ತಡೆದ. ‘ನಾನು ಇಲ್ಲಿದ್ರೆ ಮುಂದಿನ ಸಲವೂ ಫೋನ್ ಮಾಡೋಕೆ ಒಬ್ಬ ಇರ್ತಾನೆ’ ಎಂದ. ಆಗಸ್ಟ್‌ನಲ್ಲಿ ಆ ಮನೆಯ ಅಡುಗೆಮನೆ ಗೋಡೆಗೆ ಒಂದು ಕಾಗದ ಅಂಟಿತು: ಸಂದೇಹ ಬಂದರೆ ಮೊದಲು 911, ಆಮೇಲೆ ಮಾತು. ಅಂಟಿಸಿದವನು ಮಾತಾಡಲು ಬಂದ ಆ ಹಿರಿಯನೇ.

ಆಗಸ್ಟ್ ಕೊನೆಗೆ ಮಗ ಮನೆಗೆ ಬಂದ. ಅವನ ಜತೆಗೇ ನಮ್ಮ ಬೀದಿಯ ಶಾಲೆಯಲ್ಲಿ ಓದಿದ, ನಮ್ಮ ಪರಿಚಯದ ಕನ್ನಡ ಮನೆಯ ಹುಡುಗಿಯೂ ಒಂದು ದಿನ ಬಂದಿದ್ದಳು. ಅಂಕ ಅವನಿಗಿಂತ ಹೆಚ್ಚು, ಫ್ರೆಂಚ್ ಅವನಿಗಿಂತ ಎಷ್ಟೋ ಚೆನ್ನ. ಬೇಸಿಗೆಯೆಲ್ಲ ಯಂಗ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಕ್ಯಾಷ್ ಕೌಂಟರಿನಲ್ಲಿ ನಿಂತಿದ್ದಳು. ನೀನು ಅರ್ಜಿ ಹಾಕಲಿಲ್ಲವೇನಮ್ಮ ಎಂದೆವು. ‘ಹಾಕಿದ್ದೆ ಆಂಟಿ, ಫೆಬ್ರುವರಿ ಕೊನೆಗೆ. ಏಪ್ರಿಲ್‌ನಲ್ಲಿ ಒಂದು ಕರೆ ಬಂತು. ನಾಲ್ಕು ತಿಂಗಳಿಗೆ ಒಟ್ಟಾವದಲ್ಲಿ ರೂಮು ಹುಡುಕಿದೆ. ಬಾಡಿಗೆ, ಮುಂಗಡ ಎಲ್ಲ ಲೆಕ್ಕ ಹಾಕಿದ್ರೆ ಕೈಗೆ ಏನೂ ಉಳೀತಿರಲಿಲ್ಲ. ಗೊತ್ತಿಲ್ಲದ ಮನೆ ಅಂತ ಅಪ್ಪ ಅಮ್ಮನೂ ಒಪ್ಪಲಿಲ್ಲ. ಬಿಟ್ಟೆ’ ಎಂದಳು.

ಅವಳು ಹೋದ ಮೇಲೆ ಮನೆಯಲ್ಲಿ ಬಹಳ ಹೊತ್ತು ಮಾತಿಲ್ಲ. ಅದೇ ಸಾಲು, ಅದೇ ಕಣಜ. ಆದರೆ ಅವನಿಗೆ ಅಕ್ಟೋಬರ್ ಎಂದು ಹೇಳಲು ಒಬ್ಬ ಅಣ್ಣ ಇದ್ದ, ಮಲಗಲು ಕಡಿಮೆ ಬಾಡಿಗೆಯ ಕೋಣೆ ಇತ್ತು. ಹುಡುಗರ ಸಂಘವಾದ್ದರಿಂದ ಅವಳಿಗೆ ಅದರ ಬಾಗಿಲೇ ಇರಲಿಲ್ಲ. ನಮ್ಮಲ್ಲಿ ಇನ್ನೊಬ್ಬರು, ಮೈಸೂರಿನಲ್ಲಿ ಬೆಳೆದವರು, ಆಗ ತಮ್ಮ ಕಥೆ ಹೇಳಿದರು. ಇಬ್ಬರು ಅಣ್ಣಂದಿರನ್ನು ಓದಲು ಬೆಂಗಳೂರಿಗೆ ಕಳಿಸಿದ ಮನೆಯಲ್ಲಿ ತಂಗಿಗೆ ಅಲ್ಲಿ ಸೀಟು ಸಿಕ್ಕಾಗ, ‘ಹೆಣ್ಣುಮಗು ಎಲ್ಲಿ ಇರೋದು?’ ಎಂಬ ಒಂದೇ ಪ್ರಶ್ನೆಗೆ ಉತ್ತರವಿಲ್ಲದೆ ಆ ಸೀಟು ಹೋಯಿತು. ಮಗ ಆ ಕಥೆಯನ್ನು ಮೊದಲ ಸಲ ಕೇಳುತ್ತಿದ್ದ. ‘ಹಾಗಾದ್ರೆ ನಾನು ಮಾಡಿದ್ದು ತಪ್ಪಾ?’ ಎಂದ. ಅಲ್ಲ ಎಂದೆವು. ನಿನಗೆ ಸಿಕ್ಕಿದ್ದು ಬೇರೆಯವರಿಗೂ ಸಿಗಬೇಕಿತ್ತು, ಅಷ್ಟೇ.

ಫೆಬ್ರುವರಿಯಲ್ಲಿ ತೋಚದ ಉತ್ತರ ಅಂದು ತೋಚಿತು. ಶಿಫಾರಸು ಕಾಣುತ್ತದೆ, ಅದನ್ನು ಬೈಯಬಹುದು. ಸರಿಯಾದ ಸಮಯಕ್ಕೆ ಸಿಗುವ ಮಾಹಿತಿ, ನಂಬಿಕೆಯ ಒಂದು ಕೋಣೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಬ್ಬನನ್ನು ರಾಜಧಾನಿಗೆ, ಇನ್ನೊಬ್ಬಳನ್ನು ಕ್ಯಾಷ್ ಕೌಂಟರಿಗೆ ಕಳಿಸಲು ಅಷ್ಟು ಸಾಕಾಗುತ್ತದೆ.

ದೊಡ್ಡ ಯೋಜನೆಯೇನೂ ನಮ್ಮ ಕೈಲಾಗದು. ಕೈಲಾದದ್ದು ಎರಡು. ಸೆಪ್ಟೆಂಬರ್‌ನಲ್ಲಿ ಮಗ ಪರಿಚಯದ ಕನ್ನಡ ಮನೆಗಳ ಕಾಲೇಜು ಮಕ್ಕಳನ್ನೆಲ್ಲ ಒಂದು ಭಾನುವಾರ ನಮ್ಮಲ್ಲಿಗೆ ಕರೆದ. ಇಡ್ಲಿ ಸಾಂಬಾರಿನ ಜತೆ ತನಗೆ ಗೊತ್ತಿದ್ದನ್ನೆಲ್ಲ ಹೇಳಿದ. ಚಳಿಗಾಲಕ್ಕೆ ಮುಂಚೆಯೇ ಅರ್ಜಿ ಹಾಕಿ, ಅಂಕಪಟ್ಟಿ ಸಿದ್ಧವಿರಲಿ, ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಆದ್ಯತೆ ಇದೆ, ಫ್ರೆಂಚ್ ಬಿಡಬೇಡಿ, ಐದು ವರ್ಷದ ವಿಳಾಸಗಳನ್ನು ಬರೆದಿಟ್ಟುಕೊಳ್ಳಿ. ಹನ್ನೊಂದು ಮಕ್ಕಳು ಬಂದಿದ್ದರು. ಆ ಹುಡುಗಿ ಮೊದಲ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದಳು.

ಇನ್ನೊಂದು, ನಮ್ಮ ನೆಲಮಾಳಿಗೆಯ ಕೋಣೆ. ಟೊರಾಂಟೊ ಕೂಡ ರಾಜಧಾನಿಯೇ, ಒಂಟಾರಿಯೊ ಪ್ರಾಂತ್ಯದ್ದು. ಕ್ವೀನ್ಸ್ ಪಾರ್ಕಿನ ಶಾಸನಸಭೆ, ಸುತ್ತಲ ಇಲಾಖೆಗಳು, ಆಸ್ಪತ್ರೆಗಳಲ್ಲಿ ಬೇಸಿಗೆ ಕೆಲಸಕ್ಕೆ ಬರುವ ಹೊರಊರಿನ ಮಕ್ಕಳಿಗೆ ನಮ್ಮ ಮನೆಯಿಂದ ಬಸ್ಸು, ಫಿಂಚ್‌ನಿಂದ ಸಬ್‌ವೇ ಇದೆ. ಒಟ್ಟಾವದ ಪರಿಚಯದ ಒಂದು ಕನ್ನಡ ಕುಟುಂಬಕ್ಕೆ ಫೋನು ಮಾಡಿ, ನಿಮ್ಮ ಮಗಳು ಇಲ್ಲಿಗೆ ಬಂದರೆ ನಮ್ಮಲ್ಲಿರಲಿ, ನಮ್ಮ ಹುಡುಗಿ ಅಲ್ಲಿಗೆ ಬಂದರೆ ನಿಮ್ಮಲ್ಲಿರಲಿ ಎಂದೆವು. ಅವರು ಒಂದು ಕ್ಷಣವೂ ಯೋಚಿಸದೆ ‘ಆಗಲಿ’ ಎಂದರು. ಹಿಂದಿನವರ ವಾರಾನ್ನದಲ್ಲಿ ಜಾತಿಯ ಗೆರೆ ಇತ್ತು, ಅವನ ಫ್ರಾಟರ್ನಿಟಿಯಲ್ಲಿ ಗಂಡುಹೆಣ್ಣಿನ ಗೆರೆ ಇದೆ. ನಮ್ಮದರಲ್ಲಿ ಕನ್ನಡದ ಗೆರೆ ಇದೆಯಲ್ಲ ಎಂದು ಮಗ ಕುಟುಕಿದ. ನಿಜವೇ. ಅವನ ಒಟ್ಟಾವ ಮನೆಯ ಗೆಳೆಯನ ತಂಗಿ, ಕನ್ನಡದ ಗಂಧವಿಲ್ಲದವಳು, ಮುಂದಿನ ಬೇಸಿಗೆಗೆ ಕೋಣೆ ಕೇಳಿದಾಗ ಅವಳಿಗೂ ಹ್ಞೂಂ ಎಂದೆವು.

ಕೋಣೆಗೆ ಈಗ ಹೊಸ ಹಾಸಿಗೆ ಬಂದಿದೆ. ಕಿಟಕಿ ಸಣ್ಣದು, ಆದರೆ ಬೆಳಗಿನ ಬಿಸಿಲು ಬರುತ್ತದೆ. ಬಾಗಿಲ ಹಿಂದೆ ಮಗನೇ ಒಂದು ಕಾಗದ ಅಂಟಿಸಿದ್ದಾನೆ. ಬಸ್ಸಿನ ಸಮಯ, ವೈಫೈ ಪಾಸ್‌ವರ್ಡ್, ಕೆಳಗೆ ದಪ್ಪಕ್ಷರದಲ್ಲಿ 911. ಕೊನೆಯಲ್ಲಿ ಕನ್ನಡದಲ್ಲಿ, ಸ್ವಲ್ಪ ಓರೆಯಾದ ಅಕ್ಷರಗಳಲ್ಲಿ: ‘ಊಟಕ್ಕೆ ಮೇಲೆ ಬನ್ನಿ’.